ಸತ್ತು ಮಲಗಿದಾಗ ಬಂದ ನಗು

ಈ ಸಭೆಯ ಅಧ್ಯಕ್ಷರೂ ಮನೆಯಲ್ಲಿ ನನ್ನ ಅಪ್ಪನೂ ಆದ ಮುನಿಆಂಜನಪ್ಪನವರೇ, ನಾಟಕ ಕಲಿಸಿದ ಶ್ರೀನಿವಾಸ್ ಮೇಷ್ಟ್ರೇ, ಲಿಂಗರಾಜಪುರದ ಹಿರಿಯರೇ, ಅಡುಗೆಯ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ಯಾವುದಕ್ಕಾಗಿ ನನಗೆ ಈ ಶಾಲು ಹೊದಿಸಿದಿರೋ, ಅದರ ಬಗ್ಗೆ ಮೂರು ವರ್ಷಗಳಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ನಮ್ಮ ಸಂಘದ ನಾಟಕದ ಕೊನೆಯಲ್ಲಿ ಪ್ರೇಮಿಗಳಿಬ್ಬರೂ ವಿಷ ಕುಡಿದು ಬೀಳುತ್ತಾರೆ. ಬಿದ್ದ ಮೇಲೆ ನನ್ನ ಭುಜ ಸಣ್ಣಗೆ ಅದುರುತ್ತದೆ. ಪ್ರಾಣ ಹೋಗುವಾಗಿನ ನಡುಕವನ್ನು ಲಿಖಿತ್ ಬಹಳ ಸಹಜವಾಗಿ ಅಭಿನಯಿಸುತ್ತಾನೆ ಎಂದು ಈಗಷ್ಟೇ ಹೊಗಳಿದಿರಿ. ಅದು ಅಭಿನಯವಲ್ಲ, ನಗು.

ನಾನು ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವನು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಲ್ಲಲಿಲ್ಲ, ಕೊರಿಯರ್ ಕೆಲಸದಲ್ಲಿ ನಿಲ್ಲಲಿಲ್ಲ. ಅಲುಗಾಡದೆ ಇದ್ದ ಜಾಗ ಎಂದರೆ ಈ ವೇದಿಕೆ ಒಂದೇ, ಅದೂ ಹೆಣವಾಗಿ. ಹಾಡುವವರ ಶೋಕಗೀತೆ ಮುಗಿಯುವುದೇ ಇಲ್ಲ. ಪಕ್ಕದಲ್ಲಿ ಇನ್ನೊಂದು ಹೆಣ, ನೌರೀನ್. ಅವಳು ತುಟಿ ಅಲುಗಿಸದೆ ಪಿಸುಗುಡುತ್ತಾಳೆ: ‘ಉಸಿರಾಡ್ಬೇಡ ಗುರು, ಹೊಟ್ಟೆ ಏಳ್ತಾ ಇದೆ. ಮುಂದಿನ ಸಾಲಲ್ಲಿ ಚಿನ್ನಪ್ಪನವ್ರನ್ನ ನೋಡು, ನಿನಗಿಂತ ಚೆನ್ನಾಗಿ ಸತ್ತಿದ್ದಾರೆ. ಗೊರಕೆ ಬೇರೆ.’ ನೀವೇ ಹೇಳಿ, ಯಾವ ಹೆಣ ತಾನೇ ಸುಮ್ಮನೆ ಮಲಗೀತು?

ನೌರೀನ್ ಈ ಪಾತ್ರಕ್ಕೆ ಬಂದದ್ದು ಹೇಗೆಂದು ಹಳಬರಿಗೆ ಗೊತ್ತು. ಮದುವೆಯಾಗದ ಹುಡುಗಿ ವೇದಿಕೆಯ ಮೇಲೆ ಸಾಯುವುದು ಅಪಶಕುನವೆಂದು ನಮ್ಮ ಮನೆಗಳವರು ಯಾರೂ ಮಗಳನ್ನು ಕಳಿಸಲಿಲ್ಲ. ನಮ್ಮ ವೇಷ ಹೊಲಿಯುವ ಶಿವಾಜಿನಗರದ ಅಬ್ದುಲ್ ಸಾಬರು ಅವಳ ತಂದೆ. ಅವರು ಮೇಷ್ಟ್ರನ್ನು ಕೇಳಿದ್ದು ಇಷ್ಟೇ.

‘ಹುಡ್ಗ ಕೈ ಹಿಡೀತಾನಾ ಸಾರ್?’

‘ಹಿಡಿಯೋ ಮುಂಚೇನೇ ಇಬ್ರೂ ಸಾಯ್ತಾರೆ ಸಾಬ್ರೇ.’

‘ಹಂಗಾದ್ರೆ ಪರ್ವಾಗಿಲ್ಲ. ವಿಷದ ಬಾಟ್ಲಿಗೆ ಜೇಬು ಎಷ್ಟು ದೊಡ್ದು ಇಡ್ಲಿ?’

ಈ ಸಲ ಇಬ್ಬರನ್ನೂ ಬದುಕಿಸೋಣವೆಂದು ನಾನು ಹೋದ ವರ್ಷ ಕೇಳಿದ್ದೆ. ‘ಬದುಕಿದ್ರೆ ಮುಂದಿನ ಸೀನಲ್ಲಿ ಗ್ಯಾಸ್ ಸಿಲಿಂಡರ್ ಯಾರು ಎತ್ಕೊಂಡ್ ಬರೋದು ಅಂತ ಜಗಳ ಆಡ್ತಾರೆ ಕಣೋ. ಜನ ಎದ್ದು ಹೋಗ್ತಾರೆ’ ಎಂದರು ಮೇಷ್ಟ್ರು. ‘ಸಾಯ್ಲಿ ಬಿಡಪ್ಪ, ಸತ್ರೆ ಯಾರ ಮನೆಗೂ ತೊಂದ್ರೆ ಇಲ್ಲ’ ಎಂದರು ಅಪ್ಪ.

ಸಭಿಕರೇ, ಅಪ್ಪ ಹೇಳಿದ್ದು ನಿಜ. ಎಷ್ಟು ತಲೆಮಾರಿನಿಂದ ನಾವು ಇದೇ ಕಥೆ ಹೇಳುತ್ತಿದ್ದೇವೆ? ಜಾತಿ ಬೇರೆಯಾಗುತ್ತದೆ, ಊರು ಬೇರೆಯಾಗುತ್ತದೆ, ವಿಷದ ಬದಲು ಬಾವಿ ಬರುತ್ತದೆ. ಹುಡುಗ ಹುಡುಗಿ ಮಾತ್ರ ಸಾಯಲೇಬೇಕು. ಸತ್ತವರಿಗಾಗಿ ಎರಡೂ ಕಡೆಯವರು ಅಳಬಹುದು, ಬದುಕಿ ಬಂದವರಿಗೆ ಬಾಡಿಗೆ ಮನೆ ಕೊಡಬೇಕಾಗುತ್ತದೆ. ಅಪ್ಪ, ನಮ್ಮ ಹಿತ್ತಿಲ ಕಡೆಯ ಬಾಡಿಗೆ ಮನೆ ಖಾಲಿ ಇದೆಯೆಂದು ನಾನು ಹೇಳುತ್ತಿಲ್ಲ.

ಪರದೆ ಬಿದ್ದ ಮೇಲೆ ಏನಾಗುತ್ತದೆಂದು ನಿಮ್ಮಲ್ಲಿ ಬಹಳ ಜನ ನೋಡಿಲ್ಲ. ವೇದಿಕೆಯಲ್ಲಿ ಸತ್ತವರು ಹಾಗೆಯೇ ಮನೆಗೆ ಹೋಗಬಾರದೆಂಬುದು ನಮ್ಮ ಸಂಘದ ಪದ್ಧತಿ. ನನ್ನ ಅಮ್ಮ ಆಂಜನಮ್ಮ ನಮ್ಮಿಬ್ಬರನ್ನೂ ಜೋಡಿಯಾಗಿ ನಿಲ್ಲಿಸಿ, ಅರಿಶಿನ ಸುಣ್ಣ ಕದಡಿದ ಕೆಂಪು ನೀರಿನಲ್ಲಿ ಆರತಿ ಎತ್ತುತ್ತಾರೆ. ‘ಎದ್ದು ಬಂದ್ರಲ್ಲ, ನೂರು ವರ್ಷ ಚೆನ್ನಾಗಿರಿ’ ಎಂದು ನೀರನ್ನು ಬೀದಿಗೆ ಚೆಲ್ಲುತ್ತಾರೆ. ಮೊದಲ ವರ್ಷ ಕುಂಕುಮದ ಬೆರಳು ನೌರೀನ್ ಹಣೆಯ ಹತ್ತಿರ ಹೋಗಿ ನಿಂತಿತು.

‘ನಿಮ್ಮಲ್ಲಿ ಇಟ್ಕೋತೀರೇನಮ್ಮ?’

‘ಇಲ್ಲ ಆಂಟಿ.’

‘ಸರಿ ಬಿಡು’ ಎಂದು ಅಮ್ಮ ಆ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಎರಡೂ ಕೈಯಿಂದ ಅವಳ ಕೆನ್ನೆ ಸವರಿ ಲಟಿಕೆ ಮುರಿದರು. ಅವಳಿಗೆ ಮೊದಲು ಪ್ರೀತಿ ಹುಟ್ಟಿದ್ದು ಅಮ್ಮನ ಮೇಲಂತೆ. ನನ್ನ ಸರದಿ ಆಮೇಲೆ ಬಂದದ್ದು.

ಅಮ್ಮಾ, ಹೊಸ ಮದುಮಕ್ಕಳನ್ನು ಮನೆ ತುಂಬಿಸಿಕೊಳ್ಳುವಾಗಲೂ ನಮ್ಮಲ್ಲಿ ಇದೇ ಕೆಂಪು ನೀರು, ಹೀಗೆಯೇ ಜೋಡಿಯಾಗಿ ನಿಲ್ಲಿಸುವುದು. ನೀನು ಸತ್ತವರನ್ನು ಎಬ್ಬಿಸುತ್ತಿದ್ದೆ. ನಿನ್ನ ಮುಂದೆ ನಿಂತ ನಾವು ಮನಸ್ಸಿನಲ್ಲೇ ಹೊಸಿಲು ದಾಟುತ್ತಿದ್ದೆವು.

ಕಳೆದ ಸೋಮವಾರ ನಾನೂ ನೌರೀನೂ ನೋಂದಣಿ ಕಚೇರಿಯಲ್ಲಿ ಮದುವೆಯಾದೆವು. ಯಾರೂ ಹೆಸರು ಬದಲಿಸಿಲ್ಲ, ದೇವರನ್ನೂ ಬದಲಿಸಿಲ್ಲ. ‘ಹೇಳ್ದೆ ಓಡಿಹೋಗೋದು ಬೇಡ. ನೀನು ನಿಮ್ಮವ್ರಿಗೆ ಹೇಳು, ನಾನು ಅಬ್ಬಾಗೆ ಹೇಳ್ತೀನಿ’ ಎಂದವಳು ಅವಳೇ. ಈ ಹೊತ್ತಿಗೆ ಅವಳು ಅಬ್ದುಲ್ ಸಾಬರ ಹೊಲಿಗೆ ಯಂತ್ರದ ಎದುರು ಕುಳಿತಿರುತ್ತಾಳೆ. ಅಲ್ಲಿ ಏನಾಯಿತೋ ನನಗಿನ್ನೂ ಗೊತ್ತಿಲ್ಲ. ಇಲ್ಲಿ ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದಾರೆ. ಅಮ್ಮ ಸೆರಗು ಬಾಯಿಗೆ ಹಿಡಿದಿದ್ದಾರೆ. ಅದು ಅಳುವೋ ನಗುವೋ ಇಲ್ಲಿಂದ ಕಾಣುತ್ತಿಲ್ಲ.

ಅಪ್ಪ, ಬಯ್ಯುವುದಿದ್ದರೆ ಬಯ್ಯಿರಿ, ಮನೆಗೆ ಬಂದು ಕೇಳಿಸಿಕೊಳ್ಳುತ್ತೇನೆ. ಧಾರವಾಡದಲ್ಲಿ ಅವಳಿಗೆ ಶಿಶುವಿಹಾರದಲ್ಲಿ ಕೆಲಸ ಸಿಕ್ಕಿದೆ, ನನಗೆ ನಾಟಕಗಳಿಗೆ ಲೈಟು ಕಟ್ಟುವ ಕೆಲಸ. ಸಿಲಿಂಡರ್ ನಾನೇ ಎತ್ತಿಕೊಂಡು ಬರುತ್ತೇನೆ ಮೇಷ್ಟ್ರೇ. ಮುಂದಿನ ವರ್ಷಕ್ಕೆ ಬೇರೆ ಇಬ್ಬರನ್ನು ಹುಡುಕಿಕೊಳ್ಳಿ.

ನಮಗಾಗಿ ಇಷ್ಟು ವರ್ಷ ಅತ್ತ ನಿಮ್ಮೆಲ್ಲರಿಗೂ ವಂದನೆಗಳು, ನಮಸ್ಕಾರ. ನಾಳೆ ಬೆಳಿಗ್ಗೆ ನಾವು ಹೊರಡುತ್ತೇವೆ.