ಅಡಕತ್ತರಿಯಲ್ಲಿ ಅರ್ಧವಾದ ಮಾತ್ರೆ

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ, ನಿವಾಸಿಗಳ ಸಂಘವನ್ನು ಇಪ್ಪತ್ತು ವರ್ಷಗಳಿಂದ ಬೈಸಿಕೊಂಡೂ ನಡೆಸಿಕೊಂಡು ಬಂದಿರುವ ಶ್ರೀ ದೊಡ್ಡಣ್ಣನವರೇ, ಸಂಘದ ಕಾರ್ಯದರ್ಶಿಗಳಾದ ಸಿದ್ದೇಶ್ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಹೆಗ್ಗನಹಳ್ಳಿಯ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹಿಂದಿನಿಂದ ಸಾರಿನ ಒಗ್ಗರಣೆ ವಾಸನೆ ಬರುತ್ತಿದ್ದರೂ ಕದಲದೆ ಕುಳಿತಿರುವ ಸಮಸ್ತ ಸಭಿಕರೇ,

ನೀವು ಹೊದಿಸಿದ ಶಾಲಿಗೆ, ತೊಡಿಸಿದ ಪೇಟಕ್ಕೆ, ಕೊಟ್ಟ ಹಣ್ಣಿನ ಬುಟ್ಟಿಗೆ ನಾನು ಕೃತಜ್ಞಳು. ಪೇಟ ಸ್ವಲ್ಪ ದೊಡ್ಡದಾಯಿತು. ಡಾಕ್ಟರ ತಲೆ ದೊಡ್ಡದಿರುತ್ತದೆ ಎಂದು ಅಂದಾಜು ಮಾಡಿರಬೇಕು. ನಾಲ್ಕು ತಿಂಗಳ ಹಿಂದೆ ನಾನು ಆಸ್ಪತ್ರೆಯಿಂದ ನಿವೃತ್ತಳಾದಾಗ ಅಲ್ಲಿಯೂ ಒಂದು ಸಮಾರಂಭವಾಯಿತು. ಅಲ್ಲಿ ಹೇಳಲಾಗದ ಒಂದು ಮಾತು ಉಳಿದುಹೋಗಿತ್ತು. ಅದನ್ನು ಇಲ್ಲಿಯೇ ಹೇಳಬೇಕಾಗಿತ್ತು.

ಸಿದ್ದೇಶ್ ಅವರು ನನ್ನನ್ನು ಪರಿಚಯಿಸುತ್ತಾ, 'ಡಾ. ರಂಜಿನಿಯವರಿಗೆ ಅರ್ಧ ಮಾತ್ರೆಯ ಯೋಚನೆ ಗ್ರಂಥಾಲಯದಲ್ಲಿ ಕುಳಿತಿದ್ದಾಗ ಹೊಳೆಯಿತು' ಎಂದು ಓದಿದರು. ಅವರ ತಪ್ಪಲ್ಲ, ಪತ್ರಿಕೆಯಲ್ಲಿ ಹಾಗೆಯೇ ಬಂದಿತ್ತು. ಪತ್ರಿಕೆಯವರ ತಪ್ಪೂ ಅಲ್ಲ, ಹಾಗೆಂದು ಹೇಳಿದವಳು ನಾನೇ. ಆ ಮಾತು ಸುಳ್ಳು. ಅದನ್ನು ತಿದ್ದುವುದಕ್ಕೇ ಮೈಕ್ ಮುಂದೆ ನಿಂತಿದ್ದೇನೆ.

ನಾನು ಬೆಳೆದದ್ದು ಇಲ್ಲೇ ಹತ್ತಿರದ ಆರ್‌ಪಿಸಿ ಲೇಔಟಿನಲ್ಲಿ. ನಮ್ಮ ತಂದೆ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ಸಂಜೆ ಹೊತ್ತಿಗೆ ಅವರ ಕಾಲು ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲ. ಅಮ್ಮ ಒಂದು ನಂಬರು ದೊಡ್ಡ ಚಪ್ಪಲಿ ತಂದುಕೊಟ್ಟರು. ಅದರಲ್ಲೂ ಹಿಡಿಸದಾದಾಗ ಇನ್ನೊಂದು ನಂಬರು ದೊಡ್ಡದು ತಂದರು. ಕಾಲು ಯಾಕೆ ಊದುತ್ತಿದೆ ಎಂದು ನಾವು ಯಾರೂ ಕೇಳಲಿಲ್ಲ. ಅದು ಹೃದಯದ ವೈಫಲ್ಯ ಎಂದು ತಿಳಿಯುವಷ್ಟರಲ್ಲಿ ಅಪ್ಪ ಇರಲಿಲ್ಲ. ನಾನು ಈ ಕಾಯಿಲೆಯ ಬೆನ್ನು ಹತ್ತಿದ್ದು ಯಾವ ದೊಡ್ಡ ಆದರ್ಶದಿಂದಲೂ ಅಲ್ಲ, ಆ ಚಪ್ಪಲಿಗಳ ಮೇಲಿನ ಸಿಟ್ಟಿನಿಂದ.

ಹೃದಯದ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದಲ್ಲ. ಅದು ದಣಿಯುತ್ತದೆ. ರಕ್ತವನ್ನು ಸರಿಯಾಗಿ ತಳ್ಳಲಾರದು. ಕಾಲಲ್ಲಿ ನೀರು ತುಂಬುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಯಾಕೆ ದಣಿಯುತ್ತದೆ? ಮುಳ್ಳು ಚುಚ್ಚಿದ ಜಾಗ ಕೆಂಪಾಗಿ ಊದಿಕೊಳ್ಳುತ್ತದಲ್ಲ, ಆ ಉರಿಯೂತವೇ ಸಣ್ಣಗೆ, ಹೊರಗೆ ಕಾಣದಂತೆ, ದೇಹದೊಳಗೆ ವರ್ಷಗಟ್ಟಲೆ ಇದ್ದರೆ ಹೃದಯ ಇನ್ನಷ್ಟು ದಣಿಯುತ್ತದೆಯೇ? ಆ ಉರಿ ತಗ್ಗಿಸಿದರೆ ಹೃದಯ ಸುಧಾರಿಸಿಕೊಳ್ಳುತ್ತದೆಯೇ? ನನ್ನ ಮೂವತ್ತು ವರ್ಷ ಈ ಎರಡು ಪ್ರಶ್ನೆಗಳಲ್ಲೇ ಕಳೆಯಿತು.

ಎರಡು ಸಾವಿರದ ಎಂಟರಲ್ಲಿ ನನ್ನ ಮೊದಲ ಅಧ್ಯಯನ. ಎಂಬತ್ತನಾಲ್ಕು ರೋಗಿಗಳು, ಲಗ್ಗೆರೆ, ಸುಂಕದಕಟ್ಟೆ, ಹೆಗ್ಗನಹಳ್ಳಿಯವರೇ ಹೆಚ್ಚು. ಎಲ್ಲರಿಗೂ ಅವರ ಮಾಮೂಲಿ ಔಷಧ ಇದ್ದೇ ಇತ್ತು. ಅದರ ಜೊತೆಗೆ ಅರ್ಧ ಜನರಿಗೆ ಉರಿಯೂತ ತಗ್ಗಿಸುವ ಒಂದು ಹಳೆಯ ಮಾತ್ರೆ. ಉಳಿದ ಅರ್ಧ ಜನರಿಗೆ ನೋಡಲು ಹಾಗೆಯೇ ಇರುವ, ಒಳಗೆ ಏನೂ ಇಲ್ಲದ ಖಾಲಿ ಮಾತ್ರೆ. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಾಗಿದ್ದರೆ ಮಾತ್ರ ಪರೀಕ್ಷೆ ಪ್ರಾಮಾಣಿಕ. ಇದನ್ನೆಲ್ಲ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕನ್ನಡದಲ್ಲಿ ಬಿಡಿಸಿ ಹೇಳಿ ಸಹಿ ಹಾಕಿಸಿಕೊಂಡೆ. ಎಷ್ಟು ಚೆನ್ನಾಗಿ ವಿವರಿಸುತ್ತೇನೆ ಎಂದು ನನಗೆ ಜಂಬವಿತ್ತು.

ಇಬ್ಬರಿಗಂತೂ ನಾನು ಬಯಸಿದ್ದಕ್ಕಿಂತ ಹೆಚ್ಚು ಅರ್ಥವಾಗಿಬಿಟ್ಟಿತ್ತು.

ಒಬ್ಬರು ಪಟಾಲಮ್ಮ, ಸಿದ್ದೇಶ್ ಅವರ ತಾಯಿ, ತಲೆಮಾರುಗಳಿಂದ ಇಲ್ಲಿಯವರು. ಇನ್ನೊಬ್ಬರು ದುರ್ಗವ್ವ, ಕೊಪ್ಪಳದ ಕಡೆಯಿಂದ ಬಂದು ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದವರು. ಮೂರನೇ ಕ್ರಾಸಿನ ಒಂದು ವಠಾರದಲ್ಲಿ ಅಕ್ಕಪಕ್ಕದ ಮನೆ. ಇಬ್ಬರಿಗೂ ಒಂದೇ ಕಾಯಿಲೆ. ತಿಂಗಳಿಗೊಮ್ಮೆ ಡಬ್ಬಿ ಹಿಡಿದುಕೊಂಡು ಒಂದೇ ಬಸ್ಸಿನಲ್ಲಿ ಬರುತ್ತಿದ್ದರು, ದಾರಿಯುದ್ದಕ್ಕೂ ಜಗಳವಾಡಿಕೊಂಡು.

ಆರನೇ ತಿಂಗಳು, ಉಳಿದ ಮಾತ್ರೆ ಎಣಿಸೋಣವೆಂದು ಡಬ್ಬಿ ತೆರೆದೆ. ಇಬ್ಬರ ಡಬ್ಬಿಯಲ್ಲೂ ಅರ್ಧ ತುಂಡುಗಳು. ಸುಣ್ಣದ ಕಲೆ ಬೇರೆ. ಪಟಾಲಮ್ಮ ಅಡಿಕೆ ಕತ್ತರಿಸುವ ಅಡಕತ್ತರಿಯಲ್ಲಿ ನನ್ನ ಮಾತ್ರೆಗಳನ್ನು ಕತ್ತರಿಸಿದ್ದರು. ಯಾಕೆ ಎಂದು ಕೇಳಿದೆ.

"ನೀವೇ ಹೇಳಿದ್ರಲ್ಲ ಮೇಡಮ್, ಒಬ್ರಿಗೆ ನಿಜವಾದ್ದು, ಒಬ್ರಿಗೆ ಖಾಲಿದು ಅಂತ. ಒಬ್ಳು ಬದುಕಿ ಇನ್ನೊಬ್ಳು ಸತ್ರೆ ಆ ವಠಾರದಲ್ಲಿ ಹೆಂಗಿರೋದು? ಅದ್ಕೇ ಮೊದಲನೇ ದಿನದಿಂದ್ಲೂ ಇಬ್ರದ್ದೂ ಅರ್ಧರ್ಧ ಮಾಡ್ಕೊಂಡು ತಗೊತಾ ಇದೀವಿ."

ನಾನು ಏನು ಮಾಡಿದೆ ಗೊತ್ತೇ? ಕೂಗಾಡಿದೆ. ನನ್ನ ಆರು ತಿಂಗಳ ಕೆಲಸಕ್ಕೆ ಮಣ್ಣು ಹಾಕಿದಿರಿ ಎಂದೆ. ದುರ್ಗವ್ವ ತಲೆ ತಗ್ಗಿಸಿದರು. ಪಟಾಲಮ್ಮ ಮಾತ್ರ ನನ್ನನ್ನು ಸಮಾಧಾನ ಮಾಡುವ ಹಾಗೆ, "ಬೇಜಾರ್ ಮಾಡ್ಕೋಬೇಡಿ, ಬೇಕಾದ್ರೆ ನಾಳೆಯಿಂದ ಇಬ್ರೂ ಎರಡೆರಡು ತಗೊಂಡು ಸರಿ ಮಾಡ್ಕೊಡ್ತೀವಿ" ಎಂದರು. ನೀವು ನಗುತ್ತೀರಿ. ಆ ದಿನ ನನಗೆ ನಗು ಬರಲಿಲ್ಲ. ನಿಯಮದಂತೆ ಇಬ್ಬರನ್ನೂ ಅಧ್ಯಯನದಿಂದ ತೆಗೆದೆ. ಪ್ರಬಂಧದಲ್ಲಿ ಒಂದೇ ಸಾಲು ಬರೆದೆ: 'ಸೂಚನೆ ಪಾಲಿಸದ ಇಬ್ಬರನ್ನು ಕೈಬಿಡಲಾಗಿದೆ.'

ಆ ಅಧ್ಯಯನ ಸೋತಿತು. ನಿಜವಾದ ಮಾತ್ರೆ ಸಿಕ್ಕಿದ್ದವರಲ್ಲಿ ಬಹಳ ಮಂದಿ ಭೇದಿ ತಾಳಲಾರದೆ ಅರ್ಧಕ್ಕೇ ಬಿಟ್ಟರು. ಕೊನೆಯಲ್ಲಿ ಯಾರಿಗೆ ಯಾವುದು ಎಂಬ ಪಟ್ಟಿ ತೆರೆದಾಗ, ಕೈಬಿಟ್ಟ ಆ ಇಬ್ಬರ ರಕ್ತಪರೀಕ್ಷೆಯನ್ನೂ ಸುಮ್ಮನೆ ನೋಡಿದೆ. ಇಬ್ಬರಲ್ಲೂ ಉರಿಯೂತ ಇಳಿದಿತ್ತು. ಕಾಲಿನ ಊತ ಇಳಿದಿತ್ತು. ಇಬ್ಬರಿಗೂ ಒಂದು ದಿನವೂ ಹೊಟ್ಟೆ ಕೆಟ್ಟಿರಲಿಲ್ಲ. ಇಬ್ಬರಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ ನಾವು ಕೊಟ್ಟದ್ದೇ ಹೆಚ್ಚಾಯಿತೇ, ಅರ್ಧ ಸಾಕಿತ್ತೇ ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು. ಆಮೇಲೆ ಮೂರು ಆಸ್ಪತ್ರೆ, ಆರು ವರ್ಷ, ಸಾವಿರಕ್ಕೂ ಹೆಚ್ಚು ರೋಗಿಗಳು. ಅರ್ಧ ಸಾಕಿತ್ತು. ಉಸಿರು ಕಟ್ಟಿ ಮತ್ತೆ ಮತ್ತೆ ಆಸ್ಪತ್ರೆ ಸೇರುವವರು ಕಡಿಮೆಯಾದರು. ಈ ಶಾಲು, ಈ ಪೇಟ, ಎಲ್ಲ ಬಂದದ್ದು ಅದರಿಂದ. ಹಾಗೆಂದು ನಾಳೆ ಬೆಳಗ್ಗೆ ಯಾರೂ ಮನೆಯಲ್ಲಿ ಅಡಕತ್ತರಿ ಹಿಡಿಯಬೇಡಿ. ನಿಮ್ಮ ಡಾಕ್ಟರನ್ನು ಕೇಳಿ.

ಹಾಗಾದರೆ ಇಷ್ಟು ವರ್ಷ ನಾನು ಇದನ್ನು ಯಾಕೆ ಹೇಳಲಿಲ್ಲ?

ಪಟ್ಟಿ ತೆರೆದ ಮೇಲೆ ದುರ್ಗವ್ವ ಒಬ್ಬರೇ ಬಂದು, ನಿಜವಾದ್ದು ಯಾರದಿತ್ತು ಎಂದು ಕೇಳಿದರು. ಅವರದ್ದೇ ನಿಜವಾದ ಮಾತ್ರೆ, ಪಟಾಲಮ್ಮನವರದು ಖಾಲಿ. ಆರು ತಿಂಗಳು ತಮ್ಮ ಔಷಧದ ಅರ್ಧವನ್ನು ದುರ್ಗವ್ವ ಪಕ್ಕದ ಮನೆಗೆ ಕೊಟ್ಟಿದ್ದರು. ಅದನ್ನು ಕೇಳಿ, "ಆಕಿಗೆ ಹೇಳಬ್ಯಾಡ್ರಿ ಅಕ್ಕಾರ. ಹೇಳಿದ್ರ ನಾಳಿಂದ ನನ್ ಜೋಡಿ ಜಗಳಾ ಆಡೂದ ಬಿಡ್ತಾಳ" ಎಂದರು. ಆಗಲಿ ಎಂದು ಮಾತು ಕೊಟ್ಟೆ.

ಪಟಾಲಮ್ಮ ಕೇಳಲೇ ಇಲ್ಲ. ನಿಜವಾದ್ದು ತಮ್ಮದೇ ಎಂದು ಅವರಿಗೆ ಸಂಶಯವೇ ಇರಲಿಲ್ಲ. ನಾಮಕರಣವಿರಲಿ, ಗೃಹಪ್ರವೇಶವಿರಲಿ, 'ಈ ದುರ್ಗಿ ಓಡಾಡ್ತಿರೋದು ನನ್ ಅರ್ಧ ಮಾತ್ರೆಯಿಂದ' ಎಂದು ಬೀದಿಗೆಲ್ಲ ಹೇಳಿದರು. ದುರ್ಗವ್ವ ಪಕ್ಕದಲ್ಲೇ ನಿಂತು ಹೌದೆನ್ನುತ್ತಿದ್ದರಂತೆ. ಹದಿನೈದು ವರ್ಷ ಹೌದೆಂದರು.

ನಾನೂ ಸುಮ್ಮನಿದ್ದೆ. ದುರ್ಗವ್ವನಿಗೆ ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತು ನನಗೆ ಎಷ್ಟು ಅನುಕೂಲವಾಗಿತ್ತು! ಹೆಸರು ಹೇಳದೆಯೇ, 'ನನ್ನ ಇಬ್ಬರು ರೋಗಿಗಳು ಕಲಿಸಿದರು' ಎನ್ನಬಹುದಿತ್ತಲ್ಲ? ಎನ್ನಲಿಲ್ಲ. ಗ್ರಂಥಾಲಯ ಎಂದೆ. ನನಗೆ ನಾಚಿಕೆಯಾಗುತ್ತದೆ, ಸಭಿಕರೇ.

ಕಳೆದ ಆಷಾಢದಲ್ಲಿ ಪಟಾಲಮ್ಮ ತೀರಿಕೊಂಡರು. ಹೋದ ಭಾನುವಾರ ನಾನು ದುರ್ಗವ್ವನ ಮನೆಗೆ ಹೋಗಿ, ಈಗ ಹೇಳಲೇ ಎಂದು ಕೇಳಿದೆ. ಅವರು ನಡುಗೋಡೆಯ ಕಡೆ ನೋಡಿದರು. ಆಮೇಲೆ, "ಹೇಳ್ರಿ. ಆದ್ರ ಆಕಿ ಹೆಸರ ಮೊದಲ ಹೇಳ್ರಿ" ಎಂದರು. ಪ್ರಬಂಧದಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ಜಗಳವಾಡಿ ದೊಡ್ಡ ದೊಡ್ಡ ವಿಜ್ಞಾನಿಗಳು ಮಾತು ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಹೀಗೆ ಹೇಳಿದವರನ್ನು ಕಂಡಿರಲಿಲ್ಲ.

ಸಿದ್ದೇಶ್, ನಿಮ್ಮ ತಾಯಿ ಸುಳ್ಳು ಹೇಳಲಿಲ್ಲ. ನಿಜವಾದ್ದು ತಮ್ಮದೇ ಎಂದು ನಂಬಿಯೇ ದಿನಾ ಬೆಳಗ್ಗೆ ಅರ್ಧವನ್ನು ಆಚೆ ಮನೆಗೆ ಕೊಟ್ಟರು. ನೀವು ಕಣ್ಣೊರೆಸಿಕೊಳ್ಳಿ, ನಾನೂ ಒರೆಸಿಕೊಳ್ಳುತ್ತೇನೆ.

ಮೊನ್ನೆ ನನ್ನ ಕೊನೆಯ ಪ್ರಬಂಧವನ್ನು ಕಳಿಸಿದೆ. ಯೋಚನೆ ಯಾರದೆಂದು ನಮೂದಿಸಲು ಅದರಲ್ಲೊಂದು ಜಾಗವಿರುತ್ತದೆ; ಹೆಸರು ಬರೆಯಬೇಕು, ಯಾವ ಸಂಸ್ಥೆಯವರು ಎಂದೂ ಬರೆಯಬೇಕು. ಒಂದು, ಪಟಾಲಮ್ಮ. ಎರಡು, ದುರ್ಗವ್ವ. ಸಂಸ್ಥೆ ಎಂಬಲ್ಲಿ ಏನು ಬರೆಯುವುದು ಎಂದು ಬಹಳ ಹೊತ್ತು ಯೋಚಿಸಿ ಬರೆದೆ: ಹೆಗ್ಗನಹಳ್ಳಿ, ಮೂರನೇ ಕ್ರಾಸ್, ನಡುವೆ ಒಂದೇ ಗೋಡೆಯಿರುವ ಎರಡು ಮನೆ.

ಎರಡನೇ ಸಾಲಿನಲ್ಲಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿರುವ ದುರ್ಗವ್ವನವರಿಗೆ, ಅವರ ಪಕ್ಕದಲ್ಲಿ ಯಾರೂ ಕೂರದಂತೆ ಅವರೇ ಚೀಲ ಇಟ್ಟು ಹಿಡಿದಿರುವ ಆ ಖಾಲಿ ಕುರ್ಚಿಗೆ, ಇಷ್ಟು ಹೊತ್ತು ಕೇಳಿಸಿಕೊಂಡ ನಿಮ್ಮೆಲ್ಲರಿಗೆ ನನ್ನ ತುಂಬು ಮನಸ್ಸಿನ ವಂದನೆಗಳು. ನಮಸ್ಕಾರ.