ಲಕ್ಕಪ್ಪನ ಲೋಡ್ ಚೀಟಿ

ನಮ್ಮ ಕೊಬ್ಬರಿ ವರ್ತಕರ ಸಂಘದ ಅಧ್ಯಕ್ಷರಾದ ಶರತ್ಚಂದ್ರ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಸರ್ಕಲ್ ಇನ್ಸ್‌ಪೆಕ್ಟರ್ ಮಧುಶ್ರೀ ಮೇಡಂ ಅವರೇ, ಠಾಣೆಯ ಸಿಬ್ಬಂದಿಯವರೇ, ಅಂಗಡಿ ಬಾಗಿಲು ಅರ್ಧ ಎಳೆದು ಬಂದಿರುವ ಅರಸೀಕೆರೆಯ ವರ್ತಕ ಬಂಧುಗಳೇ, ಖಾಲಿ ಕುರ್ಚಿ ಕಾಣಬಾರದೆಂದು ಮಂಡಿಗಳಿಂದ ಕರೆತಂದು ಕೂರಿಸಿರುವ ನನ್ನ ಅಕ್ಕತಂಗಿಯರೇ, ಸಭಿಕರೇ,

ನನಗೆ ಕೊಟ್ಟಿರುವುದು ಐದು ನಿಮಿಷ. ಎಪ್ಪತ್ತೆಂಟು ವರ್ಷದ ಕರಿಬಸವಯ್ಯನಿಗೆ ಮೆಟ್ಟಿಲು ಹತ್ತಿ ಮೈಕು ಹಿಡಿಯುವುದಕ್ಕೇ ಎರಡು ನಿಮಿಷ ಆಗಿಹೋಯಿತು. ಭಾಷಣವನ್ನು ನನ್ನ ಮಗ ಶಿವಕುಮಾರ್ ದಪ್ಪ ಅಕ್ಷರದಲ್ಲಿ ಹೊಡೆಸಿಕೊಟ್ಟಿದ್ದಾನೆ. ಅಪ್ಪ ದಾರಿ ತಪ್ಪಬಾರದು ಎಂದು ಅವನಿಗೆ ಚಿಂತೆ.

ನಮ್ಮ ಸಂಘ ಇಂದು ಪೊಲೀಸ್ ಇಲಾಖೆಗೆ ಉಸಿರು ಪರೀಕ್ಷಿಸುವ ನಾಲ್ಕು ಯಂತ್ರಗಳನ್ನೂ, ಇಪ್ಪತ್ತು ಬ್ಯಾರಿಕೇಡ್‌ಗಳನ್ನೂ ಕೊಡುತ್ತಿದೆ. ಬ್ಯಾರಿಕೇಡ್‌ಗಳನ್ನು ನೀವು ಹೊರಗೆ ನೋಡಿರುತ್ತೀರಿ. ದುಡ್ಡು ನನ್ನದಾದ್ದರಿಂದ 'ನಿಧಾನವಾಗಿ ಚಲಿಸಿ' ಎನ್ನುವುದಕ್ಕಿಂತ ನನ್ನ ಅಂಗಡಿಯ ಹೆಸರೇ ದೊಡ್ಡದಾಗಿದೆ. ಅದನ್ನು ಓದಲಿಕ್ಕಾದರೂ ಜನ ಗಾಡಿ ನಿಧಾನ ಮಾಡಿಯಾರು.

ಈ ಕಾಗದದಲ್ಲಿ ಮೊದಲ ಸಾಲು ಹೀಗಿದೆ. 'ಇಂದಿನ ಅಪಘಾತಗಳಿಗೆ ಮುಖ್ಯ ಕಾರಣ ಚಾಲಕರ ಕುಡಿತ.' ಒಳ್ಳೆಯ ಸಾಲು, ಒಪ್ಪೋಣ. ಆದರೆ ಚಾಲಕನ ಕೈಗೆ ಅದನ್ನು ಕೊಟ್ಟವರು ಯಾರು? ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ನನ್ನ ವಯಸ್ಸಿನ ವರ್ತಕರೇ, ಯಾಕೆ ನೆಲ ನೋಡುತ್ತಿದ್ದೀರಿ? ಲೋಡ್ ಚೀಟಿ ನೆನಪಾಯಿತೇ?

ಚಿಕ್ಕವರಿಗೆ ಗೊತ್ತಿರಲಾರದು, ಹೇಳುತ್ತೇನೆ. ಆಗ ಲಾರಿಗೆ ಕಾಯಿ ತುಂಬಿ, ಹಗ್ಗ ಬಿಗಿದಾದ ಮೇಲೆ ಡ್ರೈವರನಿಗೆ ಸಾಹುಕಾರ ಒಂದು ಚೀಟಿ ಬರೆದುಕೊಡುತ್ತಿದ್ದ. ದಾರಿಯಲ್ಲಿನ ಬ್ರಾಂದಿ ಅಂಗಡಿಯಲ್ಲಿ ಆ ಚೀಟಿ ಕೊಟ್ಟರೆ ಒಂದು ಕ್ವಾರ್ಟರ್ ಸಿಗುತ್ತಿತ್ತು. ಲೋಡ್ ಇಳಿಸಿದ ಮೇಲೆ ಕುಡಿ ಎಂದು ಯಾರೂ ಹೇಳುತ್ತಿರಲಿಲ್ಲ. ನಾನು ಲಿಂಗ ಕಟ್ಟಿದವನು, ಬಾಟಲಿ ಮುಟ್ಟಿದವನಲ್ಲ. ಅದಕ್ಕೇ ಚೀಟಿ. ಮಂಡಿಯ ಎಲ್ಲ ಚೀಟಿಗಳಂತೆ ಅದರ ತಲೆಯ ಮೇಲೂ 'ಶ್ರೀ' ಬರೆಯುತ್ತಿದ್ದೆ. ಕೈ ಶುದ್ಧವಾಗಿದೆ ಎಂದೇ ತಿಳಿದುಕೊಂಡಿದ್ದೆ.

ನನ್ನ ಲಾರಿಯನ್ನು ಹದಿನಾಲ್ಕು ವರ್ಷ ಓಡಿಸಿದವನು ಲಕ್ಕಪ್ಪ. ಗೆಂಡೆಹಳ್ಳಿ ಕಡೆ ಕಾಯಿ ಎತ್ತಲು ನಾನೂ ಅವನೊಡನೆ ಎಷ್ಟೋ ಸಲ ಹೋಗಿದ್ದೇನೆ. ಎಂಥ ದಿನಗಳು ಅವು. ಬೆಳಿಗ್ಗೆ ಬೇಲೂರಿನಲ್ಲಿ ಅವನು ಇಡ್ಲಿ ತಿನ್ನುತ್ತಿದ್ದ, ನಾನು ಮನೆಯ ರೊಟ್ಟಿ ಬಿಚ್ಚುತ್ತಿದ್ದೆ. ನನ್ನ ರೊಟ್ಟಿಯಲ್ಲಿ ಅರ್ಧ ಅವನ ತಟ್ಟೆಗೆ ಹೋಗುತ್ತಿತ್ತು, ಅವನ ಚಟ್ನಿಯೆಲ್ಲ ನನ್ನ ಕಡೆಗೆ ಬರುತ್ತಿತ್ತು. ವಾಪಸ್ ಬರುವಾಗ ಹಳೇಬೀಡಿನ ಕೆರೆ ಏರಿಯ ಹತ್ತಿರ ತಾನಾಗಿಯೇ ನಿಧಾನ ಮಾಡುತ್ತಿದ್ದ. "ಗಾಳಿ ಕುಡೀರಿ ಸಾವ್ಕಾರ್ರೆ, ಇದ್ಕೇನ್ ಚೀಟಿ ಬ್ಯಾಡ" ಎನ್ನುತ್ತಿದ್ದ. ಈಗ ಕಾರಿನ ಗಾಜು ಏರಿಸಿಕೊಂಡು ಎಪ್ಪತ್ತರಲ್ಲಿ ಹೋಗುತ್ತೇವೆ, ಕೆರೆ ಯಾವಾಗ ಬಂತು ಯಾವಾಗ ಹೋಯಿತು ತಿಳಿಯುವುದಿಲ್ಲ. ಆ ಗಾಳಿ ಬೇಕು ಎಂದು ಈಗಲೂ ಒಮ್ಮೊಮ್ಮೆ ಜೀವ ಎಳೆಯುತ್ತದೆ.

ಶಿವಕುಮಾರ್ ಅಲ್ಲಿಂದ ಕೈಸನ್ನೆ ಮಾಡುತ್ತಿದ್ದಾನೆ. ಕಾಗದಕ್ಕೆ ಬಾ ಎನ್ನುತ್ತಿದ್ದಾನೆ. ಕೂತ್ಕೊಳ್ಳೋ, ಬರುತ್ತೇನೆ.

ಹದಿನೆಂಟು ವರ್ಷದ ಕೆಳಗೆ ಒಂದು ಸಂಜೆ, ಇನ್ನೂ ಬಿಸಿಲಿತ್ತು, ಲೋಡ್ ತುಂಬಿದ ನನ್ನ ಲಾರಿ ಮಾದಿಹಳ್ಳಿಯಲ್ಲಿ ಡೈರಿಯ ಮುಂದೆ ಹಾಲು ಹಾಕಲು ನಿಂತಿದ್ದವರ ಮೇಲೆ ನುಗ್ಗಿತು. ಶಿವಗಂಗಮ್ಮ ಎಂಬ ಹೆಣ್ಣುಮಗಳ ಕಾಲು ಮುರಿಯಿತು. ಆಕೆ ಇಂದಿಗೂ ಕೋಲೂರಿಕೊಂಡೇ ಹಾಲು ತರುತ್ತಾರೆ. ಜನ ಲಕ್ಕಪ್ಪನನ್ನು ಹಿಡಿದು ಹೊಡೆದರು, ಕುಡಿದಿದ್ದಾನೆ ಎಂದರು. ಪೊಲೀಸರು ನನ್ನನ್ನು ಕರೆಸಿ ಕೇಳಿದರು. "ಮಧ್ಯಾಹ್ನ ಲೋಡ್ ಚೀಟಿ ಕೊಟ್ಟಿದ್ದೆ" ಎಂದೆ. ಕೊಟ್ಟಿದ್ದೆನಲ್ಲ? ಅದರಲ್ಲಿ ಸುಳ್ಳೇನಿತ್ತು? ಅಷ್ಟು ಸಾಕಾಯಿತು, ರಕ್ತ ಪರೀಕ್ಷೆ ಯಾರೂ ಮಾಡಿಸಲಿಲ್ಲ. ಶಿಕ್ಷೆ ಆಯಿತು, ಲೈಸೆನ್ಸ್ ಹೋಯಿತು, ಮತ್ತೆ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ.

ಇಲ್ಲಿಗೆ ನಿಲ್ಲಿಸಿ ಯಂತ್ರ ಹಸ್ತಾಂತರಿಸಿದರೆ ನೀವೆಲ್ಲ ಚಪ್ಪಾಳೆ ತಟ್ಟುತ್ತೀರಿ. ನಾನೂ ಹಾಗೆಯೇ ಅಂದುಕೊಂಡು ಬಂದಿದ್ದೆ.

ಅರ್ಧ ಗಂಟೆಯ ಹಿಂದೆ ಒಬ್ಬ ಹುಡುಗಿ ಪ್ರಾರ್ಥನೆ ಹಾಡಿದಳು. ಕಾಲೇಜು ಹುಡುಗಿ, ಒಳ್ಳೆಯ ಕಂಠ. ಹೆಸರು ಹೇಮಾಶ್ರೀ. ಅವಳು ಹಾಡುತ್ತಿರುವಾಗ ನನ್ನ ಪಕ್ಕದಲ್ಲಿ ಕೂತವರು ಕಿವಿಯ ಹತ್ತಿರ ಬಾಗಿ, "ಆ ಕುಡುಕ ಲಕ್ಕಪ್ಪನ ಮಗಳು ಕಣ್ರೀ, ಅಲ್ವಾ?" ಎಂದರು. ನಾನು ಹೌದು ಎಂದು ತಲೆಯಾಡಿಸಿದೆ. ಇದೇ ವೇದಿಕೆಯ ಮೇಲೆ, ಇದೇ ಹಾರ ಹಾಕಿಸಿಕೊಂಡ ಕತ್ತಿನಿಂದ ತಲೆಯಾಡಿಸಿದೆ. ಅವಳ ತಾಯಿ ಲಲಿತಮ್ಮ ಕೊನೆಯ ಸಾಲಿನಲ್ಲಿ ಕೂತಿದ್ದಾಳೆ. ಗಂಡನ ಕೆಲಸ ಹೋದ ಮೇಲೆ ನನ್ನ ಮಂಡಿಯಲ್ಲೇ ಕೊಬ್ಬರಿ ಆರಿಸುತ್ತಾ ಬಂದಿದ್ದಾಳೆ. ಲಕ್ಕಪ್ಪ ಹೋದ ಕಾರ್ತೀಕದಲ್ಲಿ ತೀರಿಕೊಂಡ.

ಅಪಘಾತವಾಗಿ ಹತ್ತು ದಿನಕ್ಕೆ, ಜಾಮೀನಿನ ಮೇಲೆ ಬಂದವನು ನೇರ ನನ್ನ ಅಂಗಡಿಗೆ ಬಂದ. ಮುಖವೆಲ್ಲ ಊದಿತ್ತು. ಜೇಬಿನಿಂದ ಆ ಚೀಟಿ ತೆಗೆದು ನನ್ನ ಮೇಜಿನ ಮೇಲಿಟ್ಟ.

"ಇದ ಬಳಸ್ಲಿಲ್ಲ ಸಾವ್ಕಾರ್ರೆ. ಮಾರನೇ ದಿನ ಮಗೀನ ತೊಟ್ಲು ಶಾಸ್ತ್ರ ಇತ್ತು. ಬಾಯಿ ವಾಸ್ನೆ ಇಟ್ಕೊಂಡ್ ಮಗೀನ ಎತ್ಕೋಬಾರ್ದು ಅಂತ ಹಂಗೇ ಬಂದೆ. ನೀವ್ ಒಂದ್ ಮಾತ್ ಹೇಳ್ರಿ."

ಒಂದು ಮಾತು, ಅಷ್ಟೇ ಅವನು ಕೇಳಿದ್ದು. ಆ ಮಾತು ಹೇಳಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು. ಕುಡಿಯದವನ ಲಾರಿ ಯಾಕೆ ನಿಲ್ಲಲಿಲ್ಲ? ಆ ವಾರವೆಲ್ಲ ಅವನು ಹೇಳುತ್ತಲೇ ಇದ್ದ. "ಬ್ರೇಕು ಸರ್ಯಾಗಿ ಹಿಡೀತಾ ಇಲ್ಲ, ಒಂದಿನ ಬಿಟ್ಕೊಡಿ, ಮಾಡಿಸ್ಕೊಂಡ್ ಬತ್ತೀನಿ." ಕಾಯಿಯ ರೇಟು ಏರಿತ್ತು. "ಈ ಲೋಡ್ ಒಂದು ಬಂದ್ಬಿಡ್ಲಿ ಕಣೋ" ಎಂದಿದ್ದೆ. ಅವನು ಠಾಣೆಯಲ್ಲಿ, ಕೋರ್ಟಿನಲ್ಲಿ ಎಲ್ಲ ಹೇಳಿದ. ದಿನಾ ಕುಡಿಯುವವನು ಅವತ್ತೊಂದು ದಿನ ಕುಡಿದಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ನಾನು ಹೇಳಿದ್ದರೆ ನಂಬುತ್ತಿದ್ದರು. ನಾನು ಚೀಟಿ ಎತ್ತಿ ಜೇಬಿಗೆ ಹಾಕಿಕೊಂಡು, "ಆಯ್ತು, ನೋಡೋಣ ಹೋಗು" ಎಂದೆ. ಅವನು ಹೋದ. ಆಮೇಲೆ ಬೀದಿಯಲ್ಲಿ ಸಿಕ್ಕಾಗಲೂ ಕೈಮುಗಿಯುತ್ತಿದ್ದ, ಮತ್ತೆ ಕೇಳಲಿಲ್ಲ. ಅದು ನನ್ನನ್ನು ಇವತ್ತಿಗೂ ಸುಡುತ್ತದೆ.

ಹದಿನೆಂಟು ವರ್ಷದಲ್ಲಿ ಎಷ್ಟೋ ಅಂಗಿ ಬದಲಾಯಿಸಿದೆ, ಈ ಚೀಟಿ ಮಾತ್ರ ಒಂದು ಜೇಬಿನಿಂದ ಇನ್ನೊಂದಕ್ಕೆ ಬರುತ್ತಲೇ ಇದೆ. ಹರಿಯಲು ಧೈರ್ಯವಿರಲಿಲ್ಲ, ತೋರಿಸಲೂ ಇರಲಿಲ್ಲ. ಮೇಡಂ, ಇಗೋ, ನಿಮ್ಮ ಮುಂದಿಟ್ಟಿದ್ದೇನೆ. ಮೇಲೆ 'ಶ್ರೀ' ಇದೆ, ಕೆಳಗೆ ನನ್ನ ಸಹಿ ಇದೆ. ಈ ಸಭೆ ಮುಗಿದ ಮೇಲೆ ನಿಮ್ಮ ಜೀಪಿನಲ್ಲೇ ಠಾಣೆಗೆ ಬರುತ್ತೇನೆ. ಬಿಟ್ಟ ಮಾತನ್ನು ಬರೆದುಕೊಡುತ್ತೇನೆ. ಕಾನೂನು ಈ ಮುದುಕನನ್ನು ಏನು ಮಾಡುತ್ತದೋ ಮಾಡಲಿ.

ಕುಡಿದವರನ್ನು ಹಿಡಿಯಲು ಈ ಯಂತ್ರ ಎಂದು ಕಾಗದದಲ್ಲಿದೆ. ಹಿಡಿಯಿರಿ, ಬಿಡಬೇಡಿ. ಆದರೆ ನಾನು ಇದಕ್ಕೆ ದುಡ್ಡು ಕೊಟ್ಟದ್ದು ಬೇರೆ ಕಾರಣಕ್ಕೆ, ಅದು ನನಗೇ ಈಗ ಬಾಯಿಬಿಟ್ಟು ಹೇಳುವಾಗ ಗೊತ್ತಾಗುತ್ತಿದೆ. ಅವತ್ತು ಮಾದಿಹಳ್ಳಿಯಲ್ಲಿ ಇದು ಇದ್ದಿದ್ದರೆ ಲಕ್ಕಪ್ಪ ಒಂದು ಸಲ ಊದುತ್ತಿದ್ದ. ಸೊನ್ನೆ ತೋರಿಸುತ್ತಿತ್ತು. ನನ್ನಂಥವನ ಮಾತಿಗಾಗಿ ಅವನು ಕಾಯಬೇಕಾಗಿರಲಿಲ್ಲ.

ಹೇಮಾಶ್ರೀ, ಎದ್ದು ಹೋಗಬೇಡ ಮಗಳೇ, ಇದೊಂದು ಕೇಳಿಸಿಕೋ. ನಿನ್ನನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ದಿನ ಅಪ್ಪನ ಬಾಯಿ ಶುದ್ಧವಾಗಿರಲಿ ಎಂದು ನಿನ್ನ ಅಪ್ಪ ಆ ಅಪಘಾತದ ದಿನ ಕುಡಿದಿರಲಿಲ್ಲ.

ಅಧ್ಯಕ್ಷರಿಗೆ, ಅತಿಥಿಗಳಿಗೆ, ಐದು ನಿಮಿಷ ಕೊಟ್ಟು ಹದಿನೈದು ನಿಮಿಷ ಸಹಿಸಿಕೊಂಡ ನಿಮ್ಮೆಲ್ಲರಿಗೆ ನನ್ನ ವಂದನೆಗಳು. ಚಪ್ಪಾಳೆ ಬೇಡ. ಕೊನೆಯ ನಮಸ್ಕಾರವನ್ನು ಕೊನೆಯ ಸಾಲಿಗೆ ಮಾಡಿ ಇಳಿಯುತ್ತೇನೆ. ಲಲಿತಮ್ಮ, ತಪ್ಪಾಯಿತು ತಾಯಿ. ನಮಸ್ಕಾರ.