ಹಳದಿ ವೈರು

ಓಡೆನ್ಸೆ ನಗರದಲ್ಲಿ ಹಳೆ ಸಾಮಾನು ಎಸೆಯುವ ಕಸದ ಕೇಂದ್ರದ ಸಾಲಿನಲ್ಲಿ ಮುರುಕು ಕುರ್ಚಿ ಹಿಡಿದು ನಿಂತಿದ್ದ ಇಂಗೆ ಎಂಬಾಕೆಗೆ, ಮುಂದಿದ್ದ ಅಕ್ಕ-ತಮ್ಮನ ಮಾತು ಕೇಳಿಸುತ್ತಿತ್ತು. ತಮ್ಮನ ಕೈಯಲ್ಲಿ ಹಳೆಯ ವಿಡಿಯೋ ಟೇಪುಗಳ ಡಬ್ಬವಿತ್ತು.

“ಎಲ್ಲಾ ಡಿಸ್ಕಿಗೆ ಹಾಕಿದ್ದೀನಲ್ಲ ಅಕ್ಕ, ಇನ್ನು ಇವ್ಯಾಕೆ?”

“ಮದುವೆಯ ಬೆಳ್ಳಿಹಬ್ಬದಲ್ಲಿ ಅಪ್ಪ ಮಾಡಿದ ಭಾಷಣ?”

“ಅದೂ ಇದೆ. ಮುತ್ತು ಕೊಡಲಿ ಅಂತ ಜನ ಚಮಚದಿಂದ ತಟ್ಟೆ ಬಡಿಯೋದು, ಅಪ್ಪ ಅಮ್ಮನಿಗೆ ಕೊಡೋದು, ಎಲ್ಲಾ ಕಾಣುತ್ತೆ.”

“ಕಾಣುತ್ತೆ ಸರಿ. ಕೇಳುತ್ತಾ?”

“ಡಿಸ್ಕಿಗೆ ಹಾಕುವಾಗ ನನ್ನ ಮಗು ಮಲಗಿತ್ತು, ಟೀವಿ ಸೌಂಡ್ ಇಟ್ಟಿರಲಿಲ್ಲ.”

“ಯಾವ ವೈರು ಚುಚ್ಚಿದ್ದೆ?”

“ಹಳದೀದು. ಚಿತ್ರ ಬಂತಲ್ಲ!”

“ಕೆಂಪು, ಬಿಳಿ?”

“ಅವು ಎಕ್ಸ್‌ಟ್ರಾ ಅನ್ಕೊಂಡೆ.”

“ಸೌಂಡ್ ಬರೋದೇ ಅದ್ರಲ್ಲಿ ಕಣೋ, ದಡ್ಡ! ಈ ಟೇಪು ಬಿಟ್ಟರೆ ಅಪ್ಪನ ದನಿ ಇನ್ನೆಲ್ಲೂ ಇಲ್ಲ.”

ತಮ್ಮ ಡಬ್ಬ ಹಿಡಿದು ಹಿಂದಕ್ಕೆ ತಿರುಗಿದ. ಇಂಗೆ ಕುರ್ಚಿ ಸರಿಸಿ ದಾರಿ ಬಿಟ್ಟಳು. ಇಬ್ಬರೂ ಸಾಲಿನಿಂದ ಹೊರಬಂದು ಕಾರಿನತ್ತ ನಡೆದರು.

“ಡಿಕ್ಕೀಲಿ ಇಡಬೇಡ,” ಎಂದಳು ಅಕ್ಕ. “ನನ್ನ ಕೈಗೆ ಕೊಡು.”